ಅಡಿಗಲ್ಲಿನ ವಿಭೂತಿ

"ಬೂದಿ ಮುಟ್ಟಿ ನೋಡು" ಎಂದರು ಪೊಲೀಸ್ ಪಾಟೀಲ ಮಹಾರುದ್ರಪ್ಪ, ಕುಲುಮೆಯ ಹೊಸ್ತಿಲಾಚೆಯಿಂದಲೇ, ಒಳಗಿದ್ದ ಜಿಜಾಬಾಯಿಗೆ. ಕುಲುಮೆಯೊಳಗೆ ಜೋಡು ಮೆಟ್ಟಿಕೊಂಡು ಹೋಗುವಂತಿಲ್ಲ. ಕಬ್ಬಿಣದ ಚೂರು ಬಿದ್ದ ನೆಲದಲ್ಲಿ ಬರಿಗಾಲಿಡಲು ಅವರಿಗೆ ಮನಸ್ಸಿಲ್ಲ. ಹುಮನಾಬಾದಿನ ಕಬ್ಬಿಣದ ವ್ಯಾಪಾರದ ಬಿಳಿ ಸಾಹೇಬ ತನ್ನ ಕಲ್ಲಿನ ಬಂಗಲೆ, ಕುದುರೆ ಲಾಯ, ಹಿತ್ತಲಿನ ಈ ಕುಲುಮೆ ಎಲ್ಲ ಬಿಟ್ಟು ಮಹಾಯುದ್ಧದ ಕಾಲಕ್ಕೇ ವಿಲಾಯತಿಗೆ ಹೋಗಿದ್ದ. ಕಸ ಗುಡಿಸುವ ಜಿಜಾಬಾಯಿಯ ಬಳಿ ಕೀಲಿಗಳಷ್ಟೇ ಉಳಿದಿದ್ದವು.

"ರಜಾಕಾರರನ್ನ ಹೊಡ್ಯಾಕ ಇಲ್ಲಿ ಯಾರೋ ಭರ್ಚಿ ಬಡಿಯಾಕತ್ತಾರ. ನಿನ್ನ ಗಂಡ ಮಾರುತಿ ಎಲ್ಲದಾನ?"

"ಸೋಲಾಪುರದ ಗಿರಣಿಗೆ ಹೋಗ್ಯಾರ್ರಿ." ಅವಳು ನಂಬಿಯೇ ಹೇಳಿದಳು. ತಮ್ಮಿಬ್ಬರನ್ನು ಸಿಕ್ಕಿಸಲು ಪಾಟೀಲರೇ ಕತೆ ಕಟ್ಟುತ್ತಿದ್ದಾರೆಂದು ಅವಳ ಗುಮಾನಿ.

ಬೂದಿಗೆ ಕೈಯಿಟ್ಟಳು. ಬೆಚ್ಚಗಿತ್ತು. ಪಕ್ಕದಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲು. ಬೆಂಕಿ ಹೊತ್ತಿಸುವ ಮೊದಲು ಕಮ್ಮಾರರು ಅದಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾರೆ. ಎಳೆದ ವಿಭೂತಿ ಹೊಸದಾಗಿತ್ತು. ಆದರೆ ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವಿನದು ಇರಲಿಲ್ಲ. ಇಲ್ಲಿ ಕಮ್ಮಾರನಾಗಿದ್ದ ಮಾರುತಿಯ ನಡುಬೆರಳು ಸಾಹೇಬನ ಕಾಲದಲ್ಲಿ ಇದೇ ಅಡಿಗಲ್ಲಿನ ಮೇಲೆ ಜಜ್ಜಿ ತುಂಡಾಗಿತ್ತು.

"ಏನೈತಿ?"

ಜಿಜಾಬಾಯಿ ಬಾಗಿಲಿಗೆ ಬೆನ್ನು ತಿರುಗಿಸಿ, ಬಗ್ಗಿ, ಸೆರಗಿನಿಂದ ಅಡಿಗಲ್ಲನ್ನು ಒರೆಸಿದಳು. "ಏನೂ ಇಲ್ರಿ ಪಾಟೀಲ್ರ. ಬೂದಿ ತಣ್ಣಗ ಐತಿ."

ಅವಳ ಬೆನ್ನ ಹಿಂದೆ, ಪಾಟೀಲರು ಒಂದೊಂದಾಗಿ ಜೋಡು ಕಳಚಿಡುವ ಸದ್ದು ಕೇಳಿತು.