ಹುಳಿ ಚಾ

ಬರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಪದ್ಮವ್ವ ಮೂಗನ್ನು ಹತ್ತಿರ ಒಯ್ದಳು. ಒಯ್ದವಳೇ ಮುಖ ತಿರುಗಿಸಿದಳು.

"ಪೂನಮ್, ಇಲ್ಲಿ ಬಾ ಬೇ. ನಿನ್ನ ಹುಳಿ ಚಾ ಇವತ್ತ ಅಂಗಡಿ ನಾರಿದಂಗ ನಾರಾಕತ್ತೈತಿ."

ಆ ಮನೆಯಲ್ಲಿ ಅಂಗಡಿ ಎಂದರೆ ಕಿರಾಣಿಯದಲ್ಲ, ಶೆರೆ ಅಂಗಡಿ. ಪದ್ಮವ್ವನ ಮಗ ಗುರುಪಾದ ಎಷ್ಟೋ ವರ್ಷ ತನ್ನ ಟ್ರ್ಯಾಕ್ಟರನ್ನು ಮನೆಗಿಂತ ಹೆಚ್ಚಾಗಿ ಅದರ ಮುಂದೆಯೇ ನಿಲ್ಲಿಸಿದವನು. ಹೋದ ದೀಪಾವಳಿಗೆ ಬೀರಪ್ಪನ ಗುಡಿಯಲ್ಲಿ ಭಂಡಾರದ ಅರಿಶಿನ ಮುಟ್ಟಿ, ಇನ್ನು ಒಂದು ಹನಿಯೂ ಕುಡಿಯುವುದಿಲ್ಲ ಎಂದು ಆಣೆ ಮಾಡಿ ಬಿಟ್ಟಿದ್ದ. ಬಿಟ್ಟರೇನು, ಸಂಜೆಯಾದರೆ ಕೈಗೊಂದು ಲೋಟ ಬೇಕೇ ಬೇಕು. ಅದಕ್ಕೇ ಅವನ ಹೆಂಡತಿ ಪೂನಮ್ ಬನಹಟ್ಟಿಯ ಗೆಳತಿ ಪ್ರೀತಿಯ ಹತ್ತಿರ ಹೆಪ್ಪಿನ ಹಾಗೆ ಹುಳಿ ಬರಿಸುವ, ದಪ್ಪ ಕೆನೆಯಂಥ ಒಂದು ಬಿಲ್ಲೆ ಇಸಿದುಕೊಂಡು ಬಂದು, ಸಕ್ಕರೆ ಚಹಾದಲ್ಲಿ ಹುಳಿಯಲು ಬಿಟ್ಟು ಕೊಂಬುಚಾ ಎಂಬ ಈ ಹುಳಿ ಚಾ ಮಾಡತೊಡಗಿದಳು. ಹುಳಿ, ಸಿಹಿ, ನಾಲಿಗೆಗೆ ಚುರ್ ಎನ್ನುವ ನೊರೆ. ಗಂಡನಿಗೆ ಹಿಡಿಸಿತು. ಅಂತೂ ಮನೆ ಉಳಿಯಿತೆಂದು ಅತ್ತೆ ಸೊಸೆ ಇಬ್ಬರೂ ನೆಮ್ಮದಿಯ ಉಸಿರು ಬಿಟ್ಟಿದ್ದರು.

ಪೂನಮ್ ಬಂದು ಮೂಸಿದಳು. ತುಬಚಿಯ ತವರಿಗೆ ಹೋದವಳು ಬೇಗ ಬರದೆ ಕೂತಿದ್ದಳು. ಬರಣಿ ಇತ್ತ ಈ ಸುಡುಬಿಸಿಲಲ್ಲಿ, ತಗಡಿನ ಮಾಡಿನ ಕೆಳಗೆ, ಇರಬೇಕಾದದ್ದಕ್ಕಿಂತ ದುಪ್ಪಟ್ಟು ದಿನ ಇತ್ತು. ನಿನ್ನೆ ಬಂದವಳೇ ಮೂಸಿಯೂ ನೋಡದೆ ಗಂಡನಿಗೆ ಲೋಟ ತುಂಬಿ ಕೊಟ್ಟಿದ್ದಳು. ಮೊಬೈಲ್ ತೆಗೆದು ಹುಡುಕಿದಳು.

"ಏನಂತೈತಿ ಅದು?"

"ಹುಳಿ ಬಂದ ಮ್ಯಾಲ ಒಂಚೂರು ಶೆರಿ ಅಂಶ ಇದ್ದ ಇರತೈತಂತ್ರಿ ಅತ್ತ್ಯಾರ. ಬಿಸಲಾಗ ಭಾಳ ದಿನಾ ಇಟ್ರ ಹೆಚ್ಚಾಗಬಹುದಂತ."

"ಇದ್ದ ಇರತೈತಿ? ಅಂದ್ರ ಮೊದಲನೇ ಲೋಟದಾಗೂ ಇತ್ತನ?"

ಪೂನಮ್ ಮೊಬೈಲ್ ಆರಿಸಿದಳು. ಪದ್ಮವ್ವ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಭಂಡಾರದ ಆಣೆ ಅರ್ಧ ಮುರಿಯುವುದು ಎಂಬುದಿಲ್ಲ. ಮುರಿದರೆ ಮುರಿದಂತೆಯೇ. ಗುರುಪಾದನ ಗುಣ ಇಬ್ಬರಿಗೂ ಗೊತ್ತಿತ್ತು. ಹೆಂಗೂ ಆಣೆ ಮುರಿದೈತಿ ಎಂದು ಅವನಿಗೊಮ್ಮೆ ಅನಿಸಿದರೆ ಸಾಕು, ಟ್ರ್ಯಾಕ್ಟರ್ ತಾನಾಗಿಯೇ ಅಂಗಡಿಯ ದಾರಿ ಹಿಡಿಯುತ್ತದೆ.

"ಅವಗ ಹೇಳಬ್ಯಾಡ," ಎಂದಳು ಪದ್ಮವ್ವ. "ನಾಳಿ ನಾ ಗುಡಿಗಿ ಹೋಗಿ ತಪ್ಪಗಾಣಿಕಿ ಇಟ್ಟ ಬರತೇನಿ. ಬೀರಪ್ಪ ನನ್ನ ಮ್ಯಾಲ ಸಿಟ್ಟಾಗಲಿ."

"ನಿಮ್ಮ ಮ್ಯಾಲ ಯಾಕ್ರಿ? ಕೊಟ್ಟಾಕಿ ನಾನು."

"ಅದನ್ನ ಆಮ್ಯಾಲ ನೋಡೂಣು. ಮೊದಲ ಚೆಲ್ಲು!"

ಬಚ್ಚಲಿಗೆ ಸುರಿದರೆ ವಾಸನೆ ಮನೆಯನ್ನೆಲ್ಲ ತುಂಬಿಕೊಂಡಿತು. ಪದ್ಮವ್ವ ಕೈಗೆ ಸಿಕ್ಕಷ್ಟು ಊದಿನಕಡ್ಡಿ ಹಚ್ಚಿದಳು. ಪೂನಮ್ ಕಿಟಕಿ ತೆರೆದು ಫ್ಯಾನು ಹಾಕಿದಳು. ಬಿಲ್ಲೆಯನ್ನು ಮಾತ್ರ ಎಸೆಯಲು ಮನಸ್ಸಾಗದೆ, ಪ್ರೀತಿಗೆ ತಿರುಗಿ ಕೊಟ್ಟರಾಯಿತೆಂದು ಒಂದು ಬಟ್ಟಲಲ್ಲಿ ಮುಚ್ಚಿಟ್ಟಳು. ಅಷ್ಟರಲ್ಲಿ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತ ಸದ್ದಾಯಿತು.

ಗುರುಪಾದ ಕೈಕಾಲು ತೊಳೆದು ಒಳಗೆ ಬಂದ. "ಇವತ್ತೇನ ಹಬ್ಬ ಐತೇನ, ಇಷ್ಟ ಊದಿನಕಡ್ಡಿ?" ಎಂದು ನಕ್ಕ. "ಎಲ್ಲೈತಿ ನನ್ನ ಹುಳಿ ಚಾ?"

"ಕೆಟ್ಟಿತ್ರಿ. ಚೆಲ್ಲಿದ್ನಿ."

"ನಿನ್ನಿ ಕುಡದದ್ದ?"

"ಹೂನ್ರಿ."

ಅವನ ನಗು ನಿಂತಿತು. ಪದ್ಮವ್ವ ಮನಸ್ಸಿನಲ್ಲೇ ಬೀರಪ್ಪನನ್ನು ನೆನೆದಳು. ಗುರುಪಾದ ಖಾಲಿ ಬರಣಿಯನ್ನು ನೋಡಿದ, ಬಚ್ಚಲ ಕಡೆ ನೋಡಿದ.

"ಆ ಬಿಲ್ಲಿ ಒಗದಿಲ್ಲಲ್ಲ?"

"ಇಲ್ರಿ... ಐತಿ."

ಗುರುಪಾದ ಟವೆಲ್ ತೆಗೆದುಕೊಂಡು ಒಣಗಿದ್ದ ಮುಖವನ್ನೇ ಬಹಳ ಹೊತ್ತು ಒರೆಸಿಕೊಂಡ.

"ಹಂಗಾರ ಇವತ್ತ ಹೊಸಾದ ಹಚ್ಚು," ಎಂದ, ಇಬ್ಬರ ಮುಖವನ್ನೂ ನೋಡದೆ. "ಈ ಸರ್ತಿನೂ, ನೀ ತವರಿಗಿ ಹೋದಾಗ ಬಿಟ್ಟಷ್ಟ ದಿನಾ ಬಿಡು. ಲಗೂನ ತಗೀಬ್ಯಾಡ."