ಐದು ದಿನ ಕೆಂಪು

ಏಳು ಕಡಲಿನಾಚೆ ಅಂತ ಅಜ್ಜಿಯರು ಶುರುಮಾಡುವ ಹಾಗೆಯೇ ಇದೂ ಶುರುವಾಗುತ್ತದೆ. ಒಬ್ಬ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಬೋಕ್‌ಹೀ ಕಡಲು ದಾಟಿ ಟೆಕ್ಸಾಸಿಗೆ ಹೋದಳು. ಕಿರಿಯಳು ಮಲ್‌ಸೂನ್ ಅದೇ ಕಡಲ ದಂಡೆಯಲ್ಲಿ, ಗುನ್ಸಾನ್ ಬಂದರಿನ ಮಾರುಕಟ್ಟೆಯ ಬಾಡಿಗೆ ಅಂಗಡಿಯಲ್ಲಿ ಒಣಮೀನು ಮಾರುತ್ತ ಉಳಿದಳು. ತಾಯಿ ಸಾಯುವಾಗ ಫೋನಿನಲ್ಲೇ ಹಿರಿಯಳಿಂದ ಮಾತು ತೆಗೆದುಕೊಂಡಳು: ಆ ಅಂಗಡಿ ತಂಗಿಯ ಸ್ವಂತದ್ದಾಗಬೇಕು.

ಕಥೆಯಲ್ಲಾದರೆ ಇಲ್ಲೊಂದು ಮಾತಾಡುವ ಮೀನು ಬರಬೇಕಿತ್ತು. ಇಲ್ಲಿ ಬಂದದ್ದು ಸೆಬ್ಯೋಲ್ ಎಲೆಕ್ಟ್ರಾನಿಕ್ಸ್ ಕಂಪನಿಯ ಶೇರು.

ಅಂಗಡಿಯ ಒಡೆಯ ಪ್ಯೋ ಸಾಹುಕಾರ ಕೇಳಿದ್ದು ಒಂಬತ್ತೂವರೆ ಕೋಟಿ ವನ್. ಗಡುವು ಅಕ್ಟೋಬರ್ ಕೊನೆ. ತಪ್ಪಿದರೆ ಅಂಗಡಿ ಕಾಫಿ ಮಾರುವವರ ಪಾಲು. ಮಲ್‌ಸೂನ್ ಹತ್ತಿರ ಇದ್ದದ್ದು ಎಂಟು ಕೋಟಿ.

"ಮಿಕ್ಕದ್ದು ನಾನು ಕಳಿಸ್ತೀನಿ" ಎಂದಳು ಬೋಕ್‌ಹೀ.

"ನಿನ್ನ ದುಡ್ಡು ಬೇಡ. ಬೇಕಾದ್ರೆ ಬುದ್ಧಿ ಕೊಡು."

ಬುದ್ಧಿ ಬೋಕ್‌ಹೀ ಹತ್ತಿರ ಧಾರಾಳವಾಗಿತ್ತು. ಮೂವತ್ತು ವರ್ಷ ಕಂಪನಿಯೊಂದರ ಲೆಕ್ಕಪತ್ರ ನೋಡಿ ನಿವೃತ್ತಳಾದವಳು. ಗುನ್ಸಾನ್ ಬಿಡುವಾಗ ಶೇರು ಎಂದರೇನೆಂದು ಗೊತ್ತಿರಲಿಲ್ಲ; ಆ ವಿದ್ಯೆಯನ್ನೆಲ್ಲ ಟೆಕ್ಸಾಸಿನಲ್ಲೇ ಕಲಿತಳು. ಸೆಬ್ಯೋಲ್‌ನ ಹತ್ತು ವರ್ಷದ ವಾರ್ಷಿಕ ವರದಿಗಳನ್ನು ತರಿಸಿಕೊಂಡು, ಕನ್ನಡಕ ಒರೆಸಿಕೊಂಡು, ಒಂದೊಂದೇ ಸಾಲಿಗೆ ಪೆನ್ಸಿಲ್ ಗುರುತು ಹಾಕಿದಳು. ಬಳಿಕ ತಂಗಿಯನ್ನು ಮಾರುಕಟ್ಟೆಯೊಳಗೆ ಅಟ್ಟಿದಳು.

"ನಲವತ್ತೊಂದು ಅಂಗಡಿ ನೋಡಿದೆ. ಇಪ್ಪತ್ತೊಂಬತ್ತರಲ್ಲಿ ಸೆಬ್ಯೋಲ್‌ದೇ ಫೋನು."

"ಫ್ರಿಜ್ಜು?"

"ಪಕ್ಕದಂಗಡಿ ಓಕ್‌ಜಾ ಮನೇಲಿ ಅವರ ಕಿಮ್ಚಿ ಫ್ರಿಜ್ಜು ಹದಿನಾರು ವರ್ಷದಿಂದ ಓಡ್ತಿದೆಯಂತೆ. ಕೆಟ್ಟೇ ಇಲ್ಲ."

"ಅದು ಓಕ್‌ಜಾಗೆ ಒಳ್ಳೇದು. ಶೇರು ಕೊಳ್ಳೋರಿಗೆ ಅಷ್ಟು ಒಳ್ಳೇದಲ್ಲ."

ಆರು ವಾರದ ನಂತರ ತೀರ್ಪು ಬಂತು. ಕಂಪನಿಗೆ ಸಾಲ ಕಡಿಮೆ, ಕೈಯಲ್ಲಿ ದುಡ್ಡಿದೆ, ಫೋನಿನಲ್ಲಿ ಲಾಭ ತೆಳ್ಳಗಾಗುತ್ತಿದೆ, ಕಂಪ್ಯೂಟರ್ ಚಿಪ್ಪಿನಲ್ಲಿ ದಪ್ಪಗಾಗುತ್ತಿದೆ. ಕೊಳ್ಳಬಹುದು. ಆದರೆ ಒಂದು ಷರತ್ತು.

"ಬೆಲೆ ಎಷ್ಟಾಯ್ತು ಅಂತ ನನಗೆ ಹೇಳ್ಬೇಡ. ನಾನೂ ನೋಡಲ್ಲ. ಬೆಲೆ ಕಿವಿಗೆ ಬಿದ್ರೆ ನನ್ನ ಬುದ್ಧಿ ಅಲುಗಾಡುತ್ತೆ. ನೀನು ದಿನಾ ಫೋನಲ್ಲಿ ಶೇರಿನ ಬಣ್ಣ ನೋಡು. ಸತತ ಐದು ದಿನ ಕೆಂಪು ಬಂದ್ರೆ ಒಂದೂ ಉಳಿಸದೆ ಮಾರಿಬಿಡು."

"ಆರನೇ ದಿನ ನೋಡ್ಕೊಂಡು ಮಾರಿದ್ರೆ?"

"ಅದೇ ಆಸೆ. ಅದೇ ಎಲ್ಲರನ್ನೂ ಮುಳುಗಿಸೋದು. ಅಮ್ಮನ ಆಣೆ ಹಾಕು."

ಮಲ್‌ಸೂನ್ ಆಣೆ ಹಾಕಿದಳು. ಮೇ ತಿಂಗಳಲ್ಲಿ ಎಂಟು ಕೋಟಿಯೂ ಶೇರಾಯಿತು.

ಬೇಸಿಗೆಯೆಲ್ಲ ಒಂದು ದಿನ ಕೆಂಪು, ಮೂರು ದಿನ ನೀಲಿ, ಎರಡು ದಿನ ಕೆಂಪು. ಐದು ಕೂಡಿ ಬರಲಿಲ್ಲ. ಅಕ್ಟೋಬರಿನ ಮೂರನೆಯ ವಾರ, ಸೋಮವಾರ, ಫೋನಿನ ಪರದೆ ಕೆಂಪಾಯಿತು.

ಮಂಗಳವಾರ ಕೆಂಪು.

ಬುಧವಾರ ಮಾರುಕಟ್ಟೆಯಲ್ಲಿ ಯಾರೂ ಸರಿಯಾಗಿ ವ್ಯಾಪಾರ ಮಾಡಲಿಲ್ಲ. ಗಿರಾಕಿ ಸ್ಕ್ವಿಡ್ಡಿನ ದರ ಕೇಳಿದರೆ ಫೋನಿನಿಂದ ತಲೆಯೆತ್ತುವವರಿಲ್ಲ. ಪಕ್ಕದಂಗಡಿಯಲ್ಲಿ ಕಡಲಪಾಚಿ ಮಾರುವ ಓಕ್‌ಜಾಳ ನೂಡಲ್ಸು ಬಟ್ಟಲಲ್ಲೇ ಊದಿಕೊಂಡಿತು. ಅವಳದ್ದೂ ಇದ್ದ ದುಡ್ಡೆಲ್ಲ ಸೆಬ್ಯೋಲ್‌ನಲ್ಲಿತ್ತು.

ಗುರುವಾರ ಮಲ್‌ಸೂನ್‌ಗೆ ಅನ್ನ ಸೇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಪ್ಯೋ ಸಾಹುಕಾರ ಬಂದ. ಅವಳ ಫೋನಿನ ಪರದೆಯತ್ತ ಬಗ್ಗಿ ನೋಡಿದ.

"ನಿನ್ನದೂ ಇದೆಯಾ ಇದರಲ್ಲಿ?"

"ಇದೆ."

"ಎಲ್ಲಾನೂ?"

"ಎಲ್ಲಾನೂ ಸಾಹುಕಾರ್ರೇ."

"ಛೆ" ಎಂದ. ಒಣಮೀನು ಕೂಡ ಕೊಳ್ಳದೆ ಹೊರಟುಹೋದ.

ಮಧ್ಯಾಹ್ನ ಮೂರು ಗಂಟೆ. ಇನ್ನೂ ಕೆಂಪು. ಮಲ್‌ಸೂನ್ ಮಾರುವ ಗುಂಡಿಯ ಮೇಲೆ ಬೆರಳಿಟ್ಟಳು. ಓಕ್‌ಜಾ ಕೈ ಹಿಡಿದುಕೊಂಡಳು.

"ಮಲ್‌ಸೂನಕ್ಕ, ಹುಚ್ಚಾ ನಿಂಗೆ? ಈಗ ಯಾರಾದ್ರೂ ಮಾರ್ತಾರಾ? ಹಲ್ಲು ಕಚ್ಚಿಕೊಂಡು ಕೂತ್ಕೊ!"

"ಅಮ್ಮನ ಆಣೆ ಇದೆ ಕಣೇ."

"ನಿಮ್ಮಕ್ಕನಿಗೇನು, ಅಷ್ಟು ದೂರ ಕೂತು ಹೇಳ್ತಾಳೆ. ಆಮೇಲೆ ಹೊಟ್ಟೆ ಉರ್ಕೊಳ್ಳೋಳು ನೀನು."

"ಉರೀಲಿ ಬಿಡು" ಎಂದು ಮಲ್‌ಸೂನ್ ಕಣ್ಣು ಮುಚ್ಚಿ ಒತ್ತಿದಳು. ಓಕ್‌ಜಾ ಹಣೆ ಚಚ್ಚಿಕೊಂಡಳು.

ಸೋಮವಾರ ಪರದೆ ನೀಲಿಯಾಯಿತು. ಮಂಗಳವಾರ ಇನ್ನಷ್ಟು ನೀಲಿ. ಓಕ್‌ಜಾ ಊಟಕ್ಕೆ ಕರೆಯಲಿಲ್ಲ. ಮಲ್‌ಸೂನ್‌ಗೂ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತಕ್ಕೆ, ಸರ್ಕಾರಿ ಕಚೇರಿಯೊಂದರ ಮೆಟ್ಟಿಲ ಮೇಲೆ ನಿಂತು, ಅವಳು ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ಐದು ದಿನ ಕೆಂಪು ಬಂತು. ಎಲ್ಲಾ ಮಾರಿಬಿಟ್ಟೆ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಐದೂ ದಿನಾನಾ?"

"ಐದೂ ದಿನ."

ಬೋಕ್‌ಹೀ ಅಳತೊಡಗಿದಳು. "ನನ್ನ ಲೆಕ್ಕ ತಪ್ಪಿತು ಕಣೇ. ಹತ್ತು ವರ್ಷದ ವರದಿ ಓದಿ ಕಣ್ಣು ಹಾಳುಮಾಡ್ಕೊಂಡೆ, ನಿನ್ನನ್ನೂ ಹಾಳುಮಾಡ್ದೆ. ಅಮ್ಮನಿಗೆ ಏನಂತ ಮುಖ ತೋರಿಸ್ಲಿ? ಬೇಡ ಅನ್ಬೇಡ, ಈ ಮನೆ ಮಾರ್ತೀನಿ. ಸಾಹುಕಾರನ ಹತ್ರ ಒಂದು ತಿಂಗಳು ಟೈಮು ಕೇಳು, ಕಾಲಿಗೆ ಬಿದ್ದಾದ್ರೂ ಕೇಳು."

"ಅವನ ಕಾಲಿಗೆ ನಾನ್ಯಾಕೆ ಬೀಳ್ಲಿ? ಈಗ ತಾನೇ ನೋಂದಣಿ ಮುಗೀತು. ಅಂಗಡಿ ನನ್ನ ಹೆಸರಿಗಾಯ್ತು. ಕಾಫಿಯವರು ಜಾಸ್ತಿ ಕೊಡ್ತಿದ್ರಂತೆ, ಮುದ್ರೆ ಒತ್ತೋವಾಗ ಅವನ ಮುಖ ನೋಡ್ಬೇಕಿತ್ತು ನೀನು."

"ಯಾವ ದುಡ್ಡಲ್ಲೇ ಕೊಂಡೆ?"

"ಶೇರು ಮಾರಿದ ದುಡ್ಡಲ್ಲಿ. ಇನ್ನೂ ಸ್ವಲ್ಪ ಮಿಕ್ಕಿದೆ."

"ಬಿದ್ದುಹೋದ ಶೇರಿಗೆ ಅಷ್ಟು ದುಡ್ಡು ಯಾರೇ ಕೊಟ್ರು?"

"ಬಿದ್ದದ್ದು ಮೊನ್ನೆಯಿಂದ, ನಾನು ಮಾರಿದ ಮೇಲೆ. ಪಾಪ ಓಕ್‌ಜಾ ಸಿಕ್ಕಿಹಾಕ್ಕೊಂಡ್ಳು."

"ಮತ್ತೆ ಐದು ದಿನ ಕೆಂಪು ಅಂದ್ಯಲ್ಲೇ!"

ಮಲ್‌ಸೂನ್ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು. ಮತ್ತೆ ಕಿವಿಗಿಟ್ಟುಕೊಂಡಳು.

"ಇಲ್ಲಿ ಶೇರು ಏರಿದ್ರೆ ಕೆಂಪಲ್ದೆ ಇನ್ಯಾವ ಬಣ್ಣ ಬರುತ್ತಕ್ಕಾ?"