ಒಂದು ಒತ್ತು

ಮೀನಿನ ತೊಟ್ಟಿ ನೋಡಿಕೊಳ್ಳುವ ಕಸುಬಿಗಿಳಿದು ಹದಿನೆಂಟು ವರ್ಷವಾದರೂ ಇಂಥ ಗಿರಾಕಿಯನ್ನು ಅವನು ಕಂಡಿರಲಿಲ್ಲ. ಪಾಚಿ ಬೆಳೆಯಬಾರದಂತೆ, ಇರುವ ಪಾಚಿಯನ್ನು ಮುಟ್ಟಲೂಬಾರದಂತೆ!

"ಬ್ರಷ್ ಹಾಕಿದ್ರೆ ಎರಡು ನಿಮಿಷದ ಕೆಲಸ, ಮೇಡಂ."

"ಬ್ರಷ್ ಬೇಡ. ಹೊಸದು ಬೆಳೀದಿದ್ರೆ ಸಾಕು."

"ನಾಲ್ಕು ಬಸವನಹುಳ ಬಿಡ್ಲಾ?"

"ಅಯ್ಯೋ, ಅವು ಇರೋದನ್ನೂ ತಿಂದ್ಬಿಡ್ತವೆ!"

"ಲೈಟ್ ಎಷ್ಟು ಹೊತ್ತು ಹಾಕಿರ್ತೀರಿ?"

"ದಿನವಿಡೀ. ನೋಡ್ತಾ ಕೂತಿರ್ತೀನಿ."

"ಆ ಲೈಟೇ ಮೇಡಂ ಪಾಚಿ ಬೆಳೆಸೋದು."

ಆಕೆಯ ಮುಖ ಬಿಳಿಚಿಕೊಂಡಿತು. ಕಾಫಿ ತರಲೆಂದು ಒಳಗೆ ಹೋದಳು.

ಅವನು ದೀಪಕ್ಕೆ ಆರು ಗಂಟೆಯ ಟೈಮರ್ ಕೂರಿಸಿದ, ಗಿಡಗಳ ಕೊಳೆತ ಎಲೆ ಕಿತ್ತ, ಕಾಲು ಭಾಗ ನೀರು ಬದಲಿಸಿದ. ಆಗ ಮುಂದಿನ ಗಾಜಿನ ಮೇಲೆ ಕಣ್ಣು ಬಿತ್ತು. ಒಳಗಿನ ಹಸಿರು ಪಾಚಿಯಲ್ಲಿ ಯಾರೋ ಪುಟ್ಟ ಬೆರಳಿನಿಂದ 'ಅಮ' ಎಂದು ಗೀಚಿದ್ದರು. ಆ ಗೆರೆಗಳ ಮೇಲೂ ಹೊಸ ಪಾಚಿ ಹತ್ತತೊಡಗಿತ್ತು.

ಓಹೋ, ಇದಕ್ಕಾ ಇಷ್ಟೆಲ್ಲ! ಅವನಿಗೆ ನಗು ಬಂತು. ಅವನ ಮಗನೂ ಹೀಗೇ, ಬರೆಯುವಾಗೆಲ್ಲ ಒತ್ತು ನುಂಗುತ್ತಾನೆ. ನೀರಿಗೆ ಕೈಯಿಳಿಸಿ, ಮಸುಕಾದ ಅಕ್ಷರಗಳನ್ನು ಬೆರಳಿಂದ ತಿದ್ದಿ, 'ಮ'ದ ಅಡಿಗೆ ಒಂದು ಒತ್ತು ಬರೆದ.

"ನೋಡಿ ಮೇಡಂ, ಮಗು ಒತ್ತು ಬಿಟ್ಟಿತ್ತು. ಈಗ ಸರಿಯಾಗಿ 'ಅಮ್ಮ' ಆಯ್ತು."

ಕಾಫಿ ಲೋಟ ಹಿಡಿದು ಬಂದ ಆಕೆ ಅಲ್ಲೇ ನಿಂತುಬಿಟ್ಟಳು.

"ಆಸ್ಪತ್ರೆಯಿಂದ ಬಂದು ನಾನೇ ಒತ್ತು ಹಾಕ್ತೀನಿ, ಅಲ್ಲೀವರೆಗೂ ಯಾರೂ ಮುಟ್ಬೇಡಿ ಅಂದಿದ್ಲು."